ಗೇಮ್‌ನಲ್ಲಿ ಸತ್ತವನು ಈಗ ಯಾಕೆ ಕಾಯುವುದಿಲ್ಲ?

ಪ್ರಶ್ನೆ ಕೇಳಿದವರು: ಉಪ್ಪಳದ_ಹಳೆ_ಕೆಫೆ

ಎಲ್ಲರಿಗೂ ನಮಸ್ಕಾರ. ಶೂಟರ್ ಗೇಮ್ ಆಡುವವರು, ಹಿಂದೆ ಆಡಿದವರು, ಮನೆಯಲ್ಲಿ ಆಡುವ ಮಕ್ಕಳಿರುವವರು ದಯವಿಟ್ಟು ಉತ್ತರ ಕೊಡಿ. ಬಂದೂಕಿನ ಆಟದಿಂದ ಮಕ್ಕಳು ಹಾಳಾಗುತ್ತಾರಾ ಎಂದು ನಾನು ಕೇಳುತ್ತಿಲ್ಲ. ಅದರ ಬಗ್ಗೆ ಬೇಕಾದಷ್ಟು ಚರ್ಚೆ ಆಗಿದೆ. ಒಟ್ಟಿಗೆ ಆಡುವವರು ಒಬ್ಬರ ಜೊತೆ ಒಬ್ಬರು ನಡೆದುಕೊಳ್ಳುವ ರೀತಿ ಇಷ್ಟೊಂದು ಬದಲಾದದ್ದು ಹೇಗೆ ಎಂಬುದು ನನ್ನ ಪ್ರಶ್ನೆ.

ನಾನು ಕಾಸರಗೋಡು ಜಿಲ್ಲೆಯ ಉಪ್ಪಳದಲ್ಲಿ ಇಂಟರ್ನೆಟ್ ಕೆಫೆ ನಡೆಸುತ್ತಿದ್ದೆ. ಆ ಕಟ್ಟಡ ಈಗ ಇಲ್ಲ, ಹೆದ್ದಾರಿ ಅಗಲ ಮಾಡುವಾಗ ಹೋಯಿತು. ಹಗಲು ಹೊತ್ತಿನಲ್ಲಿ ಜನ ಬರುತ್ತಿದ್ದದ್ದು ಗಲ್ಫ್‌ನಲ್ಲಿರುವ ಗಂಡನಿಗೋ ಮಗನಿಗೋ ಮೇಲ್ ಕಳಿಸಲು, ವೀಸಾದ ಪ್ರಿಂಟ್ ತೆಗೆಯಲು, ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಲು. ಸಂಜೆ ಶಾಲೆ ಬಿಟ್ಟ ಮೇಲೆ ಅಂಗಡಿ ಪೂರ್ತಿ ಹುಡುಗರದ್ದು. ಆಟ ಒಂದೇ, ಎರಡು ಟೀಮುಗಳು ಬಂದೂಕು ಹಿಡಿದು ಕಾದಾಡುವ ಕೌಂಟರ್ ಸ್ಟ್ರೈಕ್ 1.6. ಕಂಪ್ಯೂಟರುಗಳನ್ನೆಲ್ಲ ಕೇಬಲ್ ಎಳೆದು ಜೋಡಿಸಿದ್ದೆ, ಹಾಗಾಗಿ ಇಂಟರ್ನೆಟ್ ಹೋದರೂ ಆಟ ನಿಲ್ಲುತ್ತಿರಲಿಲ್ಲ. ಕರೆಂಟು ಹೋದರೆ ಮಾತ್ರ ನಿಲ್ಲುತ್ತಿತ್ತು. ಮಳೆಗಾಲದಲ್ಲಿ ಅದು ಇದ್ದದ್ದೇ.

ಡಸ್ಟ್ 2 ಎಂಬ ಮ್ಯಾಪಿನ, ಅಂದರೆ ಆಟ ನಡೆಯುವ ಜಾಗದ, ಪ್ರತಿ ಮೂಲೆಯೂ ಅವರಿಗೆ ಬಾಯಿಪಾಠ. ಒಬ್ಬ "ಪಿರವುಡು ಉಲ್ಲೆ" (ಹಿಂದೆ ಇದ್ದಾನೆ) ಎಂದು ತುಳುವಿನಲ್ಲಿ ಕೂಗಿದರೆ ಇನ್ನೊಬ್ಬ ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದ. ಉರ್ದು ಮನೆಮಾತಿನ ಹುಡುಗ ಉರ್ದುವಿನಲ್ಲೇ ಬೈಯುತ್ತಿದ್ದ. ಜಗಳ ಬಿಡಿಸುವ ನಾನು ಕನ್ನಡದಲ್ಲಿ. ಎಲ್ಲರಿಗೂ ಎಲ್ಲವೂ ಅರ್ಥವಾಗುತ್ತಿತ್ತು.

ಆಟದಲ್ಲಿ ಇಲ್ಲದ ನಿಯಮಗಳನ್ನು ಅವರೇ ಮಾಡಿಕೊಂಡಿದ್ದರು. ಪಕ್ಕದವನ ಸ್ಕ್ರೀನ್ ನೋಡಬಾರದು. ದೊಡ್ಡ ಸ್ನೈಪರ್, ಅಂದರೆ ಎಡಬ್ಲ್ಯುಪಿ, ಒಂದು ಟೀಮಿಗೆ ಒಂದೇ. ಮೂಲೆಯಲ್ಲಿ ಅಡಗಿ ಕ್ಯಾಂಪ್ ಮಾಡಿದವನ ತಲೆಗೆ ಎದ್ದು ಬಂದು ಮೊಟಕುತ್ತಿದ್ದರು. ಆ ಆಟದಲ್ಲಿ ಹಣದ ಲೆಕ್ಕ ಉಂಟಲ್ವಾ? 800 ಡಾಲರಿನಿಂದ ಶುರು. ಗೆದ್ದರೆ ಇಷ್ಟು, ಸೋತರೆ ಇಷ್ಟು, ಒಬ್ಬನನ್ನು ಕೊಂದರೆ ಇಷ್ಟು. ಎಡಬ್ಲ್ಯುಪಿಗೆ 4750. ಕೈ ಖಾಲಿಯಾದ ಗೆಳೆಯನಿಗೆ ಇನ್ನೊಬ್ಬ ತನ್ನ ಹಣದಲ್ಲಿ ಬಂದೂಕು ಕೊಂಡು ನೆಲಕ್ಕೆ ಹಾಕಿ ಕೊಡುತ್ತಿದ್ದ. ಯಾರು ಕೊಟ್ಟರು, ಯಾರು ಇದ್ದೂ ಕೊಡಲಿಲ್ಲ ಎಂಬುದು ಮರುದಿನ ಶಾಲೆಯಲ್ಲೂ ಮಾತಾಗುತ್ತಿತ್ತು.

ಎಲ್ಲಕ್ಕಿಂತ ಮುಖ್ಯ, ಸತ್ತವನು ಕಾಯಬೇಕಿತ್ತು. ಆ ರೌಂಡ್ ಮುಗಿಯುವವರೆಗೆ ಅವನಿಗೆ ಆಟ ಇಲ್ಲ. ಉಳಿದವರ ಆಟ ನೋಡಬೇಕು ಅಷ್ಟೇ. ಹೆಚ್ಚಿನವರು ಎದ್ದು ಬಂದು ಬದುಕಿರುವವನ ಕುರ್ಚಿಯ ಹಿಂದೆ ನಿಲ್ಲುತ್ತಿದ್ದರು. ಒಬ್ಬನೇ ಉಳಿದು ಎದುರಿಗೆ ಮೂವರಿದ್ದರಂತೂ ಇಡೀ ಅಂಗಡಿ ಅವನ ಹಿಂದೆ. ಅವನು ಗೆದ್ದರೆ ಸತ್ತವರಿಗೇ ಜಾಸ್ತಿ ಖುಷಿ. ಚಿಕ್ಕ ಹುಡುಗರು ಆಟ ಕಲಿತದ್ದೂ ಹಾಗೆಯೇ, ಚೆನ್ನಾಗಿ ಆಡುವವನ ಬೆನ್ನ ಹಿಂದೆ ನಿಂತು.

ಈಗ ನನ್ನ ಅಕ್ಕನ ಮಗ ಪ್ಲಸ್ ವನ್ ಓದುತ್ತಿದ್ದಾನೆ. ಫೋನಿನಲ್ಲಿ ಬಿಜಿಎಂಐ ಆಡುತ್ತಾನೆ, ಅಂದರೆ ಪಬ್ಜಿ ಮೊಬೈಲ್‌ನ ಭಾರತದ ಆವೃತ್ತಿ. ಆಟ ಒಳ್ಳೆಯದೇ, ನನಗೂ ಇಷ್ಟ. ನೂರು ಜನ ಒಂದು ದ್ವೀಪಕ್ಕೆ ಇಳಿಯುತ್ತಾರೆ, ವೃತ್ತ ಸಣ್ಣದಾಗುತ್ತಾ ಬರುತ್ತದೆ, ಕೊನೆಗೆ ಉಳಿದವರು ಗೆದ್ದ ಹಾಗೆ. ಒಂದು ರಾತ್ರಿ ಅವನ ಪಕ್ಕ ಕೂತು ನೋಡಿದೆ. ಸ್ಕ್ವಾಡ್‌ನಲ್ಲಿ ನಾಲ್ವರು. ಉಳಿದ ಮೂವರು ಯಾರು, ಎಲ್ಲಿಯವರು ಎಂದು ಅವನಿಗೆ ಗೊತ್ತಿಲ್ಲ. ಇಳಿದ ಕೂಡಲೇ ಒಬ್ಬ ಸತ್ತ. ಹಿಂದಿಯಲ್ಲಿ ಎರಡು ಬೈಗುಳ ಬೈದು, ಮ್ಯಾಚ್ ಬಿಟ್ಟು ಲಾಬಿಗೆ ಹೋಗಿಬಿಟ್ಟ. ಎರಡನೆಯವನೂ ಹಾಗೆಯೇ. ಮೂರನೆಯವನು ಸುಮ್ನೆ ಮಾಯವಾದ. ನನ್ನ ಅಳಿಯ ಒಬ್ಬನೇ ಕೊನೆಯ ವೃತ್ತದವರೆಗೂ ಬಂದು, ಎರಡನೇ ಸ್ಥಾನದಲ್ಲಿ ಸತ್ತ. ಎಂಥಾ ಆಟ ಗೊತ್ತಾ ಅದು! ನೋಡಲು ಅವನ ಟೀಮಿನವರು ಒಬ್ಬರೂ ಇರಲಿಲ್ಲ. ಅವನಿಗೆ ಅದು ವಿಶೇಷ ಅನಿಸಲೂ ಇಲ್ಲ. "ಎಲ್ಲರೂ ಹಾಗೇ ಮಾವ" ಎಂದ.

ಹುಡುಗರು ಕೆಟ್ಟರು ಎಂದು ನಾನು ಒಪ್ಪುವುದಿಲ್ಲ. ನನ್ನ ಅಂಗಡಿಗೆ ಬರುತ್ತಿದ್ದವರಲ್ಲೂ ಬಾಯಿ ಹರಕರು ಬೇಕಾದಷ್ಟಿದ್ದರು. ಆಟವನ್ನು ಕಟ್ಟಿದ ರೀತಿಯೇ ಇವರನ್ನು ಹೀಗೆ ನಡೆಸುತ್ತಿದೆ ಎಂದು ನನ್ನ ಅನಿಸಿಕೆ. ಸರಿಯಾ? ಸರಿಯಾದರೆ ಇದಕ್ಕೆ ಆಟದೊಳಗೇ ಏನಾದರೂ ಮದ್ದು ಉಂಟಾ?

ನೀರ್ಚಾಲು_ಬೆಂಗಳೂರು ಬರೆದದ್ದು:

ಅಣ್ಣ, ಸರಿಯಾಗಿಯೇ ಹೇಳಿದ್ದೀರಿ. ನಾನು ಗೇಮ್ ಕಂಪನಿಯಲ್ಲಿ ಇಲ್ಲ, ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು. ಆದರೆ ಈ ಆಟಗಳು ಬೆಳೆದ ಕತೆ ನನಗೆ ತುಂಬಾ ಪ್ರೀತಿಯ ವಿಷಯ, ಹಾಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಡೂಮ್ ಎಂಬ ಶೂಟರ್ ಗೇಮ್ ಬಂದದ್ದು 1993ರ ಡಿಸೆಂಬರಿನಲ್ಲಿ. ಆಟಗಾರರು ಒಬ್ಬರನ್ನೊಬ್ಬರು ಕೊಲ್ಲುವ ಆ ಬಗೆಗೆ ಡೆತ್‌ಮ್ಯಾಚ್ ಎಂದು ಹೆಸರಿಟ್ಟವರು ಅದನ್ನು ಮಾಡಿದವರಲ್ಲಿ ಒಬ್ಬರಾದ ಜಾನ್ ರೊಮೆರೊ. ಆಗ ನಾಲ್ಕು ಜನ ಸೇರಿ ಆಡಬೇಕಿದ್ದರೆ ಒಂದೇ ಆಫೀಸಿನ ಅಥವಾ ಒಂದೇ ಕಾಲೇಜಿನ ನೆಟ್‌ವರ್ಕ್ ಬೇಕಿತ್ತು. ಕೊಂದವನು ಪಕ್ಕದ ಕೋಣೆಯಲ್ಲೇ ಇರುತ್ತಿದ್ದ. 1996ರಲ್ಲಿ ಬಂದ ಕ್ವೇಕ್ ಇಂಥ ಆಟವನ್ನು ಇಂಟರ್ನೆಟ್ಟಿಗೆ ತಂದಿತು, ಕ್ಲಾನ್‌ಗಳು, ಅಂದರೆ ಒಟ್ಟಿಗೆ ಆಡುವ ತಂಡಗಳು, ಬೆಳೆದವು. ಕೌಂಟರ್ ಸ್ಟ್ರೈಕ್ 1999ರಲ್ಲಿ ಹಾಫ್ ಲೈಫ್ ಆಟಕ್ಕೆ ಮಿನ್ ಲೀ ಮತ್ತು ಜೆಸ್ ಕ್ಲಿಫ್ ಮಾಡಿದ ಮಾಡ್ ಆಗಿ, ಅಂದರೆ ಇದ್ದ ಆಟವನ್ನೇ ಬದಲಿಸಿ ಮಾಡಿದ ಆಟವಾಗಿ ಶುರುವಾಯಿತು. ಮರುವರ್ಷ ಹಾಫ್ ಲೈಫ್ ಮಾಡಿದ ಕಂಪನಿ ವಾಲ್ವ್ ಅದನ್ನು ತನ್ನ ಆಟವಾಗಿ ಹೊರತಂದಿತು.

ಆ ಕಾಲದಲ್ಲಿ ಸರ್ವರ್‌ಗಳ ಪಟ್ಟಿ ತೆರೆದು, ನಾವೇ ಒಂದನ್ನು ಆರಿಸಿ ಒಳಗೆ ಹೋಗಬೇಕಿತ್ತು. ಒಳ್ಳೆಯ ಸರ್ವರ್ ಸಿಕ್ಕಿದರೆ ದಿನವೂ ಅಲ್ಲಿಗೇ. ಅದೇ ಜನ, ಅದೇ ಅಡ್ಮಿನ್. ಮಿತಿ ಮೀರಿದರೆ ಅಡ್ಮಿನ್ ಹೊರಗೆ ಹಾಕುತ್ತಾನೆ, ಮರುದಿನ ಬಂದರೂ ಬಾಗಿಲು ಮುಚ್ಚಿರುತ್ತದೆ. ನಿಮ್ಮ ಅಂಗಡಿಯಲ್ಲಿ ನೀವು ಮಾಡುತ್ತಿದ್ದ ಕೆಲಸವನ್ನೇ ಅಲ್ಲಿ ಅವನು ಮಾಡುತ್ತಿದ್ದ.

ಇದೆಲ್ಲ ಬದಲಾದದ್ದು ಮ್ಯಾಚ್‌ಮೇಕಿಂಗ್‌ನಿಂದ. 2004ರಲ್ಲಿ ಹೇಲೋ 2 ಆಟ ಇದನ್ನು ಎಕ್ಸ್‌ಬಾಕ್ಸ್‌ನ ಆನ್‌ಲೈನ್ ಸೇವೆಯಾದ ಎಕ್ಸ್‌ಬಾಕ್ಸ್ ಲೈವ್‌ನಲ್ಲಿ ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿತು. ಗುಂಡಿ ಒತ್ತಿದರೆ ಸಾಕು, ನಿಮ್ಮ ಮಟ್ಟದ ಆಟಗಾರರನ್ನು ಯಂತ್ರವೇ ಹುಡುಕಿ ಕೊಡುತ್ತದೆ. ಅನುಕೂಲವೇ, ಇಲ್ಲ ಅನ್ನುವುದಿಲ್ಲ. ಆದರೆ ಇವತ್ತು ಜೊತೆಗಿದ್ದವನು ನಾಳೆ ಸಿಗುವುದಿಲ್ಲ. ನೀವು ಬಂದೂಕು ಕೊಟ್ಟದ್ದೂ ಯಾರಿಗೂ ನೆನಪಿರುವುದಿಲ್ಲ, ಬೈದದ್ದೂ ನೆನಪಿರುವುದಿಲ್ಲ. ನನ್ನ ಪ್ರಕಾರ ನಿಮ್ಮ ಪ್ರಶ್ನೆಗೆ ಮುಖ್ಯ ಉತ್ತರ ಇದೇ.

ಇನ್ನೊಂದು ಉಂಟು. 2007ರ ಕಾಲ್ ಆಫ್ ಡ್ಯೂಟಿ 4ರಲ್ಲಿ ಪ್ರತಿ ಕೊಲೆಗೂ ಅಂಕ, ಅಂಕ ಸೇರಿದರೆ ಲೆವೆಲ್, ಲೆವೆಲ್ ಏರಿದರೆ ಹೊಸ ಬಂದೂಕು. ಟೀಮ್ ಸೋತರೂ ನನ್ನ ಖಾತೆ ಬೆಳೆಯುತ್ತದೆ. ಮುಂದೆ ಹೆಚ್ಚಿನ ಶೂಟರ್‌ಗಳು ಈ ದಾರಿಯನ್ನೇ ಹಿಡಿದವು. 2013ರ ಆಗಸ್ಟ್‌ನಲ್ಲಿ ಕೌಂಟರ್ ಸ್ಟ್ರೈಕ್‌ನ ಮುಂದಿನ ಆವೃತ್ತಿ ಸಿಎಸ್ ಗೋಗೆ ಬಂದೂಕಿನ ಸ್ಕಿನ್‌ಗಳು ಬಂದವು. ಬರೀ ಬಣ್ಣ. ಗುಂಡಿನ ಏಟು ಒಂದು ಚೂರೂ ಜಾಸ್ತಿ ಆಗುವುದಿಲ್ಲ. ಆದರೂ ಅದಕ್ಕೆ ಮಾರುಕಟ್ಟೆ ಹುಟ್ಟಿತು, ಆ ಬಣ್ಣಗಳನ್ನು ಪಣಕ್ಕಿಡುವ ಜೂಜಿನ ಸೈಟುಗಳೂ ಹುಟ್ಟಿದವು. ಫೋರ್ಟ್‌ನೈಟ್ ಆಟ ಬ್ಯಾಟಲ್ ಪಾಸನ್ನು, ಅಂದರೆ ಹಣ ಕೊಟ್ಟು ಕೊಂಡು ಆಡುತ್ತಾ ಹೋದ ಹಾಗೆ ಬಹುಮಾನ ಸಿಗುವ ಪಾಸನ್ನು, ಎಲ್ಲರ ಬಾಯಿಗೆ ತಂದಿತು. ಈ ಸೀಸನ್ನಿನ ಬಟ್ಟೆ ಈ ಸೀಸನ್ನಿನಲ್ಲೇ ಸಿಗಬೇಕು, ಹಾಗಾಗಿ ದಿನವೂ ಬರಬೇಕು, ಜಾಸ್ತಿ ಮ್ಯಾಚ್ ಆಡಬೇಕು. ಸತ್ತ ಮೇಲೆ ಕೂತು ನೋಡುವ ಪ್ರತಿ ನಿಮಿಷವೂ ನಷ್ಟ ಅನಿಸುವ ಹಾಗೆ ಮಾಡಿಟ್ಟಿದ್ದಾರೆ.

ಮದ್ದು ಕೇಳಿದಿರಲ್ವಾ? ಕಂಪನಿಗಳೂ ಹುಡುಕಿವೆ. 2019ರ ಫೆಬ್ರವರಿಯಲ್ಲಿ ಬಂದ ಏಪೆಕ್ಸ್ ಲೆಜೆಂಡ್ಸ್‌ನಲ್ಲಿ ಸತ್ತ ಗೆಳೆಯನ ಬ್ಯಾನರನ್ನು ಎತ್ತಿಕೊಂಡು ಬೀಕನ್ ಇರುವ ಜಾಗಕ್ಕೆ ಓಡಿದರೆ ಅವನು ಮರಳಿ ಬರುತ್ತಾನೆ. ಎರಡು ತಿಂಗಳಲ್ಲಿ ಫೋರ್ಟ್‌ನೈಟ್ ಕೂಡ ಸತ್ತವನನ್ನು ಹೀಗೆಯೇ ಮರಳಿ ತರುವ ರೀಬೂಟ್ ವ್ಯಾನ್ ತಂದಿತು. 2020ರಲ್ಲಿ ಬಂದ ಕಾಲ್ ಆಫ್ ಡ್ಯೂಟಿ ವಾರ್‌ಜೋನ್‌ನಲ್ಲಿ ಸತ್ತವನು ಗುಲಾಗ್ ಎಂಬ ಜೈಲಿಗೆ ಬೀಳುತ್ತಾನೆ, ಅಲ್ಲಿ ಒಬ್ಬರ ಎದುರು ಒಬ್ಬರು ಗೆದ್ದರೆ ವಾಪಸ್. ಸತ್ತವನಿಗೆ ಕಾಯಲು ಒಂದು ಕಾರಣ ಸಿಕ್ಕಿದರೆ ಅವನು ಕಾಯುತ್ತಾನೆ. ನಡುವೆ ಬಿಟ್ಟುಹೋದವನನ್ನು ಸ್ವಲ್ಪ ಹೊತ್ತು ಆಟದಿಂದ ಹೊರಗಿಡುವ ಶಿಕ್ಷೆಗಿಂತ ಇದು ಎಷ್ಟೋ ಮೇಲು.

ಪೆರ್ಲ_ಸ್ಕ್ವಾಡ್ ಬರೆದದ್ದು:

ಕೆಫೆ ಅಣ್ಣ, ಒಂದು ಮಾತು ಬಿಟ್ಟುಹೋಗಿದೆ. ಕೌಂಟರ್ ಸ್ಟ್ರೈಕ್‌ನಲ್ಲಿ ಸತ್ತವನು ಒಂದೆರಡು ನಿಮಿಷ ಕಾದರೆ ಮುಗಿಯಿತು. ಬಿಜಿಎಂಐಯ ಎರಂಗಲ್ ಮ್ಯಾಪ್‌ನಲ್ಲಿ ಒಂದು ಮ್ಯಾಚ್ ಅರ್ಧ ಗಂಟೆ. ಇಳಿದ ಕೂಡಲೇ ಆ ಮ್ಯಾಪಿನ ಪೊಚಿಂಕಿ ಎಂಬ ಊರಿನಲ್ಲಿ ಸತ್ತವನು ಗುರುತಿಲ್ಲದ ಮೂವರಿಗಾಗಿ ಅಷ್ಟು ಹೊತ್ತು ಕೂರಬೇಕು ಅಂದರೆ ಹೇಗೆ ಮಾರಾಯ್ರೆ? ಗುರುತಿದ್ದವರ ಜೊತೆ ಆದರೆ ಖಂಡಿತ ಕೂರುತ್ತಾರೆ. ನಾವು ಕೂತಿದ್ದೇವೆ.

ನನ್ನ ಅಣ್ಣ ಕುವೈತ್‌ನಲ್ಲಿ. 2018ರಲ್ಲಿ ಪಬ್ಜಿ ಮೊಬೈಲ್ ಬಂದಾಗ ಅಣ್ಣ, ನಾನು, ಬದಿಯಡ್ಕದಲ್ಲಿರುವ ಚಿಕ್ಕಪ್ಪನ ಇಬ್ಬರು ಮಕ್ಕಳು ಸೇರಿ ಒಂದು ಸ್ಕ್ವಾಡ್ ಮಾಡಿದೆವು. ಅಲ್ಲಿ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಅಣ್ಣ ಡ್ಯೂಟಿ ಮುಗಿಸಿ ರೂಮಿಗೆ ಬರುವಾಗ ನಮಗೆ ಊಟ ಆಗಿರುತ್ತಿತ್ತು. ಅಣ್ಣನ ಆಟ ಅಷ್ಟಕ್ಕಷ್ಟೇ, ಬೇಗ ಸಾಯುತ್ತಿದ್ದ. ಆದರೆ ಹೋಗುತ್ತಿರಲಿಲ್ಲ. ನಮ್ಮ ಆಟ ನೋಡುತ್ತಾ ಮಾತಾಡುತ್ತಾ ಇರುತ್ತಿದ್ದ. ಅಮ್ಮ ಬಂದು ನನ್ನ ಪಕ್ಕ ಕೂತು ಗೇಮಿನ ಮೈಕಿನಲ್ಲೇ ಅವನ ಹತ್ರ ಮಾತಾಡುತ್ತಿದ್ದರು. ಈ ಸಲ ಅಡಿಕೆಗೆ ಕೊಳೆರೋಗ ಬಂದದ್ದು, ನಾಯಿ ಮರಿ ಹಾಕಿದ್ದು, ಎಲ್ಲ ವರದಿ ಅವನಿಗೆ ಅಲ್ಲೇ. ಹಿಂದಿನಿಂದ ಗುಂಡಿನ ಸದ್ದು. ಫೋನ್ ಮಾಡಿದರೆ "ಊಟ ಆಯ್ತಾ, ಮಳೆ ಉಂಟಾ" ಎಂದು ಕೇಳಿ ಎರಡು ನಿಮಿಷದಲ್ಲಿ ಮಾತು ಮುಗಿಯುತ್ತದೆ. ಗೇಮ್‌ನಲ್ಲಿ ಆದರೆ ಎರಡು ಗಂಟೆ ಒಟ್ಟಿಗೆ ಇದ್ದ ಹಾಗೆ ಆಗುತ್ತಿತ್ತು.

2020ರ ಸೆಪ್ಟೆಂಬರ್ 2ರಂದು ಸರಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು. ಪಬ್ಜಿಯೂ ಅದರಲ್ಲಿತ್ತು. ನಮ್ಮ ಸ್ಕ್ವಾಡ್ ಅಲ್ಲಿಗೆ ಮುಗಿಯಿತು. 2021ರ ಜುಲೈ 2ಕ್ಕೆ ಬಿಜಿಎಂಐ ಬಂತು, ಆದರೆ ಅದು ಭಾರತಕ್ಕೆ ಮಾತ್ರ ಮಾಡಿದ ಆಟ. ನಾನು ಇಲ್ಲಿ ಬಿಜಿಎಂಐ, ಅಣ್ಣ ಅಲ್ಲಿ ಪಬ್ಜಿ. ಒಂದೇ ಎರಂಗಲ್, ಆದರೆ ಸೇರಲು ಆಗುವುದಿಲ್ಲ. ನಿಷೇಧದ ಸರಿ ತಪ್ಪು ನಾನು ಹೇಳುತ್ತಿಲ್ಲ. ಗಲ್ಫ್ ಮನೆಗಳಲ್ಲಿ ಆ ಆಟ ಏನಾಗಿತ್ತು ಎಂಬುದನ್ನು ಯಾರೂ ಬರೆದದ್ದು ಕಾಣಲಿಲ್ಲ, ಅದಕ್ಕೇ ಇಲ್ಲಿ ಬರೆದೆ.

ಗುರುತಿಲ್ಲದವರ ಜೊತೆ ಆಡುವಾಗ ನಡತೆ ಕೆಡಿಸುವುದು ಕೆ.ಡಿ. ಕೊಂದದ್ದು ಎಷ್ಟು, ಸತ್ತದ್ದು ಎಷ್ಟು ಎಂಬ ಲೆಕ್ಕ. ಅದು ಪ್ರೊಫೈಲ್‌ನಲ್ಲಿ ಎಲ್ಲರಿಗೂ ಕಾಣುತ್ತದೆ. ಸ್ಕ್ವಾಡಿಗೆ ಸೇರಿಸುವ ಮೊದಲು "ಕೆ.ಡಿ. ಎಷ್ಟು?" ಎಂದು ಕೇಳುತ್ತಾರೆ. ಬಿದ್ದವನನ್ನು ಎಬ್ಬಿಸಲು ಹೋದರೆ ತಾನೂ ಸಾಯಬಹುದು, ಕೆ.ಡಿ. ಇಳಿಯುತ್ತದೆ. ಹಾಗಾಗಿ ಬಿದ್ದವನನ್ನು ಬಿಟ್ಟು ಓಡುತ್ತಾರೆ. ರ‍್ಯಾಂಕ್ ಏರಿಸುವವರದ್ದು ಇನ್ನೊಂದು ತರ. ಕೊನೆಯವರೆಗೆ ಉಳಿದರೆ ಅಂಕ ಜಾಸ್ತಿ, ಹಾಗಾಗಿ ಬಚ್ಚಲಲ್ಲಿ ಬಾಗಿಲು ಹಾಕಿ ಕೂರುತ್ತಾರೆ. ಆ ಅಂಕಿಯನ್ನು ಆಡುವವನಿಗೆ ಮಾತ್ರ ಕಾಣುವ ಹಾಗೆ ಮಾಡಲಿ ಎಂದು ನನ್ನ ಆಸೆ.

ಮಂಜೇಶ್ವರ_ಮ್ಯೂಟ್ ಬರೆದದ್ದು:

ಎಲ್ಲರೂ ಕೆಫೆಯ ಬಗ್ಗೆ ಅಷ್ಟು ಪ್ರೀತಿಯಿಂದ ಬರೆದಿದ್ದೀರಿ. ಅಣ್ಣ, ಒಂದು ಕೇಳಲಾ? ಸಂಜೆ ಹೊತ್ತು ನಿಮ್ಮ ಕೆಫೆಗೆ ಹುಡುಗಿಯರು ಬರುತ್ತಿದ್ದರಾ?

ನಾನು ಆಡಲು ಶುರು ಮಾಡಿದ್ದೇ ಫೋನ್ ಮತ್ತು ಮ್ಯಾಚ್‌ಮೇಕಿಂಗ್ ಇದ್ದುದರಿಂದ. ನನ್ನ ಹೆಸರು, ಊರು ಯಾರಿಗೂ ಗೊತ್ತಾಗಬೇಕಿಲ್ಲ. ಗುರಿ ಇಡಲು ಬರುತ್ತದಾ ಇಲ್ಲವಾ, ಅಷ್ಟೇ ಲೆಕ್ಕ. ಗುರುತಿಲ್ಲದವರ ಜೊತೆ ಆಡುವುದೇ ಎಲ್ಲ ತೊಂದರೆಗೆ ಕಾರಣ ಎಂದು ಹೇಳಿದರೆ ನನ್ನಂಥವರ ಪಾಲಿಗೆ ಅದು ಪೂರ್ತಿ ಸತ್ಯ ಅಲ್ಲ. ಗುರುತಿಲ್ಲದ ಜಾಗದಲ್ಲಿ ನನಗೆ ಬಾಗಿಲು ತೆರೆದಿತ್ತು.

ಆದರೆ ಮೈಕ್ ಆನ್ ಮಾಡಿದ ಕೂಡಲೇ ಕತೆ ಬೇರೆ. "ಹಿಂದೆ ಒಬ್ಬ ಇದ್ದಾನೆ" ಎಂದು ಹೇಳಿದರೆ ಹಿಂದೆ ಇರುವವನನ್ನು ಯಾರೂ ನೋಡುವುದಿಲ್ಲ. "ಹುಡುಗಿಯಾ?" ಎಂದು ಮೊದಲು. ನಂತರ ಇನ್‌ಸ್ಟಾ ಐಡಿ ಕೊಡು, ನಂಬರ್ ಕೊಡು. ಕೊಡದಿದ್ದರೆ ಬೈಗುಳ. ಚೆನ್ನಾಗಿ ಆಡಿದರೆ ನಿನ್ನ ಬದಲು ಅಣ್ಣ ಆಡುತ್ತಿದ್ದಾನೆ ಅನ್ನುತ್ತಾರೆ. ಸತ್ತರೆ ಹುಡುಗಿ ಅಲ್ವಾ ಅನ್ನುತ್ತಾರೆ. ನನ್ನ ಹೆಸರಿನಲ್ಲಿರುವ ಮ್ಯೂಟ್ ಅದಕ್ಕೇ. ನನಗೆ ಮಾತು ಇಲ್ಲ ಅಂತಲ್ಲ, ಟೀಮಿಗೆ ಅದನ್ನು ಕೇಳುವ ಯೋಗ್ಯತೆ ಇಲ್ಲದಾಗ ಮುಚ್ಚಿಟ್ಟುಕೊಳ್ಳುತ್ತೇನೆ.

ನೀರ್ಚಾಲಿನವರು ಏಪೆಕ್ಸ್ ಬಗ್ಗೆ ಹೇಳಿದರು. ಅದೇ ಆಟ ಪಿಂಗ್ ಎಂಬುದನ್ನು ತುಂಬಾ ಚೆನ್ನಾಗಿ ಮಾಡಿತು. ವೈರಿ ಇದ್ದ ಕಡೆ ಗುರಿಯಿಟ್ಟು ಒಂದು ಗುಂಡಿ ಒತ್ತಿದರೆ ಟೀಮಿಗೆಲ್ಲ ಗುರುತು ಕಾಣುತ್ತದೆ. ಬಾಯಿ ತೆರೆಯದೆ ಇಡೀ ಮ್ಯಾಚ್ ಆಡಬಹುದು. ಆಮೇಲೆ ಎಷ್ಟೋ ಆಟಗಳು ಅದನ್ನು ತೆಗೆದುಕೊಂಡವು. ನನ್ನ ಲೆಕ್ಕದಲ್ಲಿ ಶೂಟರ್‌ಗಳಲ್ಲಿ ಬಂದ ಅತಿ ದೊಡ್ಡ ಉಪಕಾರ ಅದು. ಹಾಗೆಯೇ ವ್ಯಾಲರಂಟ್ ಎಂಬ ಶೂಟರ್ 2021ರಲ್ಲಿ ಗೇಮ್ ಚೇಂಜರ್ಸ್ ಎಂದು ಹೆಂಗಸರಿಗಾಗಿಯೇ ಸ್ಪರ್ಧೆಗಳನ್ನು ಶುರು ಮಾಡಿತು. ಅವರ ಆಟ ನೋಡಿ ಕಲಿತದ್ದು ತುಂಬಾ ಉಂಟು.

ರಿಪೋರ್ಟ್ ಗುಂಡಿ ಇದೆಯಲ್ಲ ಎಂದು ಕೇಳಬಹುದು. ಒಂದು ಆಟದಲ್ಲಿ ಒಬ್ಬನನ್ನು ರಿಪೋರ್ಟ್ ಮಾಡಿದೆ. ಧನ್ಯವಾದ ಎಂದು ಬಂತು. ಅವನು ಮರುದಿನವೂ ಆಡುತ್ತಿದ್ದ. ಕಾಲ್ ಆಫ್ ಡ್ಯೂಟಿ 2023ರಲ್ಲಿ ಮೈಕಿನ ಮಾತು ಕೇಳಿ ಬೈಗುಳ ಹಿಡಿಯುವ ವ್ಯವಸ್ಥೆ ತಂದಿತು. ಶುರುವಾದದ್ದು ಇಂಗ್ಲಿಷಿನಲ್ಲಿ. ನಮ್ಮ ಕಡೆಯ ಹುಡುಗರು ತುಳುವಿನಲ್ಲಿ, ಬ್ಯಾರಿಯಲ್ಲಿ ಬೈದರೆ ಅದನ್ನು ಯಾವ ಯಂತ್ರ ಹಿಡಿಯುತ್ತದೆ ಹೇಳಿ. ಅದನ್ನು ಹಿಡಿಯಬಲ್ಲವನು ಆ ಟೀಮಿನಲ್ಲಿರುವ ಇನ್ನೊಬ್ಬ ಹುಡುಗ ಮಾತ್ರ. ಅವನು "ಬಿಡು ಮಾರಾಯ, ಆಟ ಆಡು" ಎಂದು ಒಂದು ಮಾತು ಹೇಳಿದರೆ ಸಾಕು, ಎದುರಿನವನು ಸುಮ್ಮನಾಗುತ್ತಾನೆ. ನಾನೇ ನೋಡಿದ್ದೇನೆ. ಹೇಳುವವರು ಕಡಿಮೆ.

ಟೀಚರ್_ಕುಂಬಳೆ ಬರೆದದ್ದು:

ನಾನು ಆಡುವವಳಲ್ಲ. ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ.

ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗ ಇದ್ದಾನೆ. ತರಗತಿಯಲ್ಲಿ ಎದ್ದು ಉತ್ತರ ಹೇಳುವುದೇ ಇಲ್ಲ. ಶಾಲೆಯ ಕ್ರೀಡಾಕೂಟದ ದಿನ ಮರದ ಕೆಳಗೆ ಕೂತು ಬೇರೆ ಮಕ್ಕಳು ಹೇಳುವುದು ಕೇಳಿದೆ, ಗೇಮ್‌ನಲ್ಲಿ ಇವನೇ ಐಜಿಎಲ್ (ಇನ್ ಗೇಮ್ ಲೀಡರ್) ಅಂತೆ. ಎಲ್ಲಿ ಇಳಿಯಬೇಕು, ಯಾವಾಗ ಓಡಬೇಕು, ಯಾರು ಕಾವಲು ನಿಲ್ಲಬೇಕು ಎಂದು ಉಳಿದ ಮೂವರಿಗೆ ಹೇಳುವವನು. ಅವನ ಬಾಯಿಂದ ಅಷ್ಟು ಮಾತು ಬರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಗುಂಪು ಚಟುವಟಿಕೆಗಳಲ್ಲಿ ಅವನನ್ನೇ ನಾಯಕನನ್ನಾಗಿ ಮಾಡುತ್ತಿದ್ದೇನೆ. ಬದಲಾವಣೆ ಕಾಣುತ್ತಿದೆ.

ತಂದೆ ತಾಯಂದಿರಿಗೆ ಒಂದು ವಿಷಯ. ಬಿಜಿಎಂಐ ಬಂದಾಗ 18 ವರ್ಷಕ್ಕಿಂತ ಚಿಕ್ಕವರಿಗೆ ದಿನಕ್ಕೆ 3 ಗಂಟೆ ಎಂದು ಮಿತಿ ಇಟ್ಟಿದ್ದರು, ಹಿರಿಯರ ಒಪ್ಪಿಗೆಗೆ ಅವರ ನಂಬರಿಗೆ ಒಟಿಪಿ ಬರುವ ಹಾಗೂ ಮಾಡಿದ್ದರು. ಅಮ್ಮನ ಫೋನ್ ಮಕ್ಕಳ ಕೈಯಲ್ಲೇ ಇದ್ದರೆ ಆ ಒಟಿಪಿ ಯಾರಿಗೆ ಸಿಗುತ್ತದೆ? ಅಪ್ಪ ಗಲ್ಫ್‌ನಲ್ಲಿ, ಅಮ್ಮನಿಗೆ ಫೋನಿನ ಸೆಟ್ಟಿಂಗ್ ಮಗನೇ ಮಾಡಿಕೊಡಬೇಕು, ಹೀಗಿರುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ದಯವಿಟ್ಟು ಹತ್ರ ಕೂತು ಒಂದು ಮ್ಯಾಚ್ ನೋಡಿ. ಬೈಯಲು ಬೇಡ, ನೋಡಲು.

ಉಪ್ಪಳದ_ಹಳೆ_ಕೆಫೆ ಬರೆದದ್ದು:

ಎಲ್ಲರಿಗೂ ಮನಸ್ಸಿನಿಂದ ಧನ್ಯವಾದ.

ಮಂಜೇಶ್ವರದ ತಂಗಿಗೆ ಮೊದಲು ಉತ್ತರ. ಇಲ್ಲಮ್ಮ, ಸಂಜೆ ಹುಡುಗಿಯರು ಬರುತ್ತಿರಲಿಲ್ಲ. ಹಗಲು ಬಂದರೂ ಜೊತೆಗೆ ಅಣ್ಣನೋ ತಮ್ಮನೋ ಇರುತ್ತಿದ್ದ, ಕೆಲಸ ಮುಗಿದ ಕೂಡಲೇ ಹೊರಡುತ್ತಿದ್ದರು. ನನ್ನ ಅಂಗಡಿಯ ನಿಯಮಗಳು ಚೆನ್ನಾಗಿದ್ದವು ನಿಜ, ಆದರೆ ಅವು ಒಳಗೆ ಬಂದವರಿಗೆ ಮಾತ್ರ. ನೀನು ಬರೆದದ್ದನ್ನು ಅಳಿಯನಿಗೂ ಓದಿಸಿದೆ. ಟೀಮಿನಲ್ಲಿ ಯಾರಾದರೂ ಹಾಗೆ ಮಾತಾಡಿದರೆ ಬಾಯಿ ಬಿಡಬೇಕು ಎಂದು ಹೇಳಿದ್ದೇನೆ. ಸರಿ ಮಾವ ಎಂದಿದ್ದಾನೆ.

ಪೆರ್ಲದ ತಮ್ಮ ಹೇಳಿದ ಅರ್ಧ ಗಂಟೆಯ ಮಾತು ಸರಿ. ಆಟದ ಉದ್ದವೂ ನಡತೆಯನ್ನು ನಿರ್ಧರಿಸುತ್ತದೆ. ಅಮ್ಮ ಮೈಕಿನಲ್ಲಿ ಮಾತಾಡಿದ್ದು ಓದಿ ಮನಸ್ಸು ತುಂಬಿ ಬಂತು.

ನನಗೊಂದು ಯೋಚನೆ ಬಂದಿದೆ. ನಮ್ಮ ಊರಿನ ಆರ್ಟ್ಸ್ ಆ್ಯಂಡ್ ಸ್ಪೋರ್ಟ್ಸ್ ಕ್ಲಬ್ಬಿನವರು ಕಬಡ್ಡಿ, ವಾಲಿಬಾಲ್ ಮಾಡಿಸುತ್ತಾರೆ. ಕ್ರಿಸ್ಮಸ್ ರಜೆಯಲ್ಲಿ ಕ್ಲಬ್ಬಿನ ಹಾಲ್‌ನಲ್ಲಿ ಬಿಜಿಎಂಐ ರೂಂ ಮ್ಯಾಚ್, ಅಂದರೆ ನಾವು ಕರೆದವರು ಮಾತ್ರ ಸೇರುವ ಮ್ಯಾಚ್, ಮಾಡಿಸಬೇಕು ಎಂದು ಕೇಳಿದೆ, ಒಪ್ಪಿದ್ದಾರೆ. ಹಣ ಕಟ್ಟುವ ಆಟ ಬೇಡ, ಪ್ರವೇಶ ಉಚಿತ. ಸ್ಕ್ವಾಡ್‌ನವರೆಲ್ಲ ಒಂದೇ ಬೆಂಚಿನಲ್ಲಿ. ಸತ್ತವನು ಫೋನ್ ಕಿಸೆಗೆ ಹಾಕಿ ಗೆಳೆಯನ ಹಿಂದೆ ನಿಲ್ಲಬೇಕು. ಕಣ್ಣಿಗೆ ಕಂಡದ್ದನ್ನು ಹೇಳಬಹುದು. ಎದುರಿನ ಬೆಂಚಿನವರ ಫೋನ್ ನೋಡಿದರೆ ಸ್ಕ್ವಾಡೇ ಹೊರಗೆ. ಹುಡುಗಿಯರ ಸ್ಕ್ವಾಡ್ ಬಂದರೆ ತುಂಬಾ ಸಂತೋಷ. ರೂಂ ಮಾಡುವುದು ಹೇಗೆ ಎಂದು ಗೊತ್ತಿದ್ದವರು ತಿಳಿಸಿ.

ಪೆರ್ಲ_ಸ್ಕ್ವಾಡ್ ಬರೆದದ್ದು:

ಅಣ್ಣ, ರೂಂ ತೆರೆಯಲು ಗೇಮ್‌ನಲ್ಲಿ ಬೇಕಾಗುವ ರೂಂ ಕಾರ್ಡ್ ನಾನು ತರುತ್ತೇನೆ. ಎರಂಗಲ್ ಬೇಡ, ಲಿವಿಕ್ ಇಡಿ. ಸಣ್ಣ ಮ್ಯಾಪ್, ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ, ನಿಂತವರ ಕಾಲು ನೋಯುವುದಿಲ್ಲ. ಎಲ್ಲರೂ ಹಾಲ್‌ನ ಒಂದೇ ವೈಫೈಗೆ ಸೇರಿದರೆ ನೆಟ್ ನಿಧಾನವಾಗಿ ಆಟ ತಡವರಿಸುತ್ತದೆ, ಅವರವರ ಡೇಟಾ ಹಾಕಿಕೊಳ್ಳಲಿ. ಚಾರ್ಜಿಗೆ ನಾಲ್ಕೈದು ಎಕ್ಸ್‌ಟೆನ್ಷನ್ ಬೋರ್ಡ್ ಬೇಕು.

ಮಂಜೇಶ್ವರ_ಮ್ಯೂಟ್ ಬರೆದದ್ದು:

ನಮ್ಮ ಹಾಸ್ಟೆಲಿನ ಸ್ಕ್ವಾಡ್ ಬರುತ್ತದೆ, ನಾಲ್ವರೂ. ಆದಿತ್ಯವಾರ ಬೆಳಿಗ್ಗೆ ಶುರು ಮಾಡಿ, ಕತ್ತಲಾಗುವ ಮೊದಲು ಮನೆ ಮುಟ್ಟಬೇಕು. ಕೊನೆಯ ಮ್ಯಾಚ್ ನಾಲ್ಕು ಗಂಟೆಯೊಳಗೆ ಮುಗಿದರೆ ನಮಗೆಲ್ಲ ಬಸ್ ಸಿಗುತ್ತದೆ.